ಸಮುದ್ರದ ಬಾಣಂತನ

ನಮ್ಮ ಗಂಗಾವತಿಯಲ್ಲಿ ಎಲ್ಲವೂ ಇದೆ. ಕಾಲುವೆ ಇದೆ, ಭತ್ತ ಇದೆ, ಹೆಜ್ಜೆಗೊಂದು ಅಕ್ಕಿ ಗಿರಣಿ ಇದೆ, ಗಿರಣಿಯ ಹೊಟ್ಟು ಹಾರಿ ಬಂದು ಕೂಡದ ಒಂದು ಅಂಗಿಯೂ ಊರಿನಲ್ಲಿಲ್ಲ. ಇಲ್ಲದ್ದು ಸಮುದ್ರ ಮಾತ್ರ. ಆ ಕೊರತೆಯನ್ನು ನಾವು ಯಾರೂ ಮನಸ್ಸಿಗೆ ಹಚ್ಚಿಕೊಂಡವರಲ್ಲ. ಹಚ್ಚಿಕೊಂಡವರು ಒಬ್ಬರೇ ಇದ್ದರು, ಹೋದ ಚಳಿಗಾಲದಲ್ಲಿ ಅವರೂ ತೀರಿಕೊಂಡರು. ಈಗ ಊರು ನಿಶ್ಚಿಂತೆಯಿಂದ ಇದೆ.

ಅವರ ಹೆಸರು ಬರೆಯುವುದಿಲ್ಲ. ಪೇಟೆಗೆಲ್ಲ ಅವರು ಮೀನಂಗಡಿ ಚಾಚಾ. ಅವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಹತ್ತಿಕೊಂಡೇ ಇತ್ತು. ಆದರೂ ಅವರ ಪೂರ್ತಿ ಹೆಸರು ನನಗೆ ಗೊತ್ತಾದದ್ದು ಒಂದು ಅರ್ಜಿ ಬರೆದುಕೊಡುವಾಗ, ಅದೂ ಇಪ್ಪತ್ತು ವರ್ಷ ಪಕ್ಕದಲ್ಲೇ ಇದ್ದ ಮೇಲೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರ. ಲೆಕ್ಕ ಬಿಟ್ಟು ಬೇರೆ ವಿಷಯದಲ್ಲಿ ಆತುರ ಮಾಡಿದವನಲ್ಲ.

ಚಾಚಾ ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ತೋಳಿನ ಬನಿಯನ್, ಅದರ ಮೇಲೊಂದು ಜೇಬಿನ ಅಂಗಿ, ಅದಕ್ಕೆ ಗುಂಡಿ ಹಾಕಿದ್ದನ್ನು ನಾನು ಕಂಡಿಲ್ಲ. ಜೇಬಿನಿಂದ ಯಾವಾಗಲೂ ಒಂದು ಕಟ್ಟಿಗೆಯ ಫೂಟುಪಟ್ಟಿ ಇಣುಕುತ್ತಿತ್ತು. ಆ ಪಟ್ಟಿ ನನ್ನದು. "ಮಾಸ್ತರ್ರ, ಒಂದು ಪಟ್ಟಿ ಕೊಡ್ರಿ, ನಾಳೆ ವಾಪಸ್ ಕೊಡ್ತೀನಿ" ಎಂದು ಒಯ್ದಿದ್ದರು. ನಾಳೆ ಬರಲಿಲ್ಲ. ಕೇಳಿದಾಗಲೆಲ್ಲ "ಐತ್ರಿ, ಡ್ಯೂಟಿ ಮ್ಯಾಲ ಐತಿ" ಎನ್ನುತ್ತಿದ್ದರು.

ಆ ಪಟ್ಟಿಯ ಡ್ಯೂಟಿ ಏನೆಂದರೆ ಮೀನು ಅಳೆಯುವುದು. ಮಂಜುಗಡ್ಡೆಯ ಲಾರಿ ಕರಾವಳಿಯಿಂದ ಬಂದು ಡಬ್ಬಿ ಇಳಿಸಿದ ಕೂಡಲೇ ಚಾಚಾ ಕಟ್ಟೆಯ ಮೇಲೆ ಮೀನು ಸುರುವಿಕೊಂಡು ಪಟ್ಟಿ ಹಿಡಿಯುತ್ತಿದ್ದರು. ಪಟ್ಟಿಯ ಅಂಚಿಗೆ ಚಾಕುವಿನಿಂದ ಕಚ್ಚು ಹಾಕಿದ್ದರು. ಬಾಂಗಡಾಕ್ಕೊಂದು ಕಚ್ಚು, ಪಾಪ್ಲೆಟ್ಟಿಗೊಂದು ಕಚ್ಚು. ಸುರಮಾಯಿಗೆ ಇಡೀ ಪಟ್ಟಿ ಮುಗಿದು ಮೇಲೆ ಇನ್ನೊಂದು ಗೇಣು ಬೇಕು. ಕಚ್ಚು ಮುಟ್ಟದ ಮೀನು ಮತ್ತೆ ಡಬ್ಬಿಗೆ, ಡಬ್ಬಿ ಮತ್ತೆ ಲಾರಿಗೆ. ಈ ಅಳತೆಗಳನ್ನು ಇಲಾಖೆಯ ಯಾವುದೋ ಪುಸ್ತಿಕೆಯಿಂದ ಓದಿ ಹೇಳಿದವನು ನಾನೇ. ಹೇಳುವಾಗ ಇದು ಇಷ್ಟು ದೂರ ಹೋಗುತ್ತದೆಂದು ಗೊತ್ತಿದ್ದರೆ ಎರಡು ಸೆಂಟಿಮೀಟರು ಕಡಿಮೆ ಹೇಳುತ್ತಿದ್ದೆ.

"ಮೀನು ಒಮ್ಮೆರ ತಾಯಿ ಆಗಿರಬೇಕ್ರಿ, ಮಾಸ್ತರ. ಆಮ್ಯಾಲ ನಮ್ಮ ತಾಟಿಗೆ ಬರಲಿ, ಅಡ್ಡಿ ಇಲ್ಲ. ಕೂಸು ಹೆರಲಾರದ್ದನ್ನ ತಿಂದ್ರ ಮುಂದಿನ ವರ್ಷ ಏನ್ ತಿಂತೀರಿ, ಮಂಜುಗಡ್ಡಿ?"

ಇದನ್ನು ಅವರು ಗಿರಾಕಿಗಳ ಮುಂದೆ ಗಟ್ಟಿಯಾಗಿ ಹೇಳುತ್ತಿದ್ದರು. ಗಿರಾಕಿಗಳು ಅಷ್ಟೇ ಗಟ್ಟಿಯಾಗಿ ನಗುತ್ತಿದ್ದರು. "ಚಾಚಾ, ಮೀನಿಗೆ ಕುಬುಸಾನೂ ಮಾಡ್ತೀರೇನ್ರಿ? ಏಳು ತಿಂಗಳಿಗೋ ಒಂಬತ್ತಕ್ಕೋ?" ಎನ್ನುವುದು ಪೇಟೆಯ ಕಾಯಂ ಮಾತು. ಶ್ರೀರಾಮನಗರದಿಂದ ಮೋಟರ್‌ಸೈಕಲ್ಲಿನ ಮೇಲೆ ಬರುವ ಭತ್ತದ ರೈತರಿಗೆ ಸಣ್ಣ ಮೀನಿನ ಪುಲುಸು ಎಂದರೆ ಪ್ರಾಣ. "ಚಿನ್ನ ಚೇಪಲು ಲೇವಾ?" ಎಂದು ತೆಲುಗಿನಲ್ಲಿ ಸಣ್ಣ ಮೀನು ಕೇಳುತ್ತಿದ್ದರು. "ಲೇವು", ಇಲ್ಲ, ಎನ್ನುತ್ತಿದ್ದರು ಚಾಚಾ. ಆಮೇಲೆ ಕನ್ನಡದಲ್ಲಿ, "ಸಣ್ಣ ಜಾತಿ ಬ್ಯಾರೆ, ಸಣ್ಣ ವಯಸ್ಸು ಬ್ಯಾರೆ" ಎಂದು ಪಾಠ ಶುರು ಮಾಡುವಷ್ಟರಲ್ಲಿ ಮೋಟರ್‌ಸೈಕಲ್ಲು ಹಿಂದಿನ ಓಣಿಗೆ ತಿರುಗಿರುತ್ತಿತ್ತು. ಹಿಂದಿನ ಓಣಿಯಲ್ಲಿ ಇನ್ನೊಂದು ಮೀನಂಗಡಿ ಇತ್ತು. ಅಲ್ಲಿ ಪಟ್ಟಿ ಇರಲಿಲ್ಲ.

ಗಂಗಾವತಿಯ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದರೆ, ಚಾಚಾ ಹರೆಯದಲ್ಲಿ ಮನೆಯಲ್ಲಿ ಜಗಳ ಮಾಡಿ ಕರಾವಳಿಗೆ ಓಡಿಹೋಗಿ ಮೀನು ಹಿಡಿಯುವ ಬೋಟಿನಲ್ಲಿ ಐದಾರು ವರ್ಷ ಅಡಿಗೆ ಮಾಡಿದ್ದರು. ದಂಡೆಯಿಂದ ಒಳಗೆ, ಬೋಟು ಸಾಕಷ್ಟು ಹೊತ್ತು ನಡೆದ ಮೇಲೆ ಸಿಗುವ ಒಂದು ನಡುಗಡ್ಡೆ. ಅದರ ಸುತ್ತ ನೀರೊಳಗೆ ಹವಳದ ದಿಬ್ಬ. ಒಂದು ಸಲ ಬೋಟಿನ ಯಜಮಾನ ಆಸೆಗೆ ಬಿದ್ದು ಅಲ್ಲೇ ತಳ ಬಲೆ ಎಳೆಸಿದ.

"ಬಲಿ ಮ್ಯಾಲ ಬಂತು ನೋಡ್ರಿ, ಮೀನಕಿಂತ ಮನಿ ಜಾಸ್ತಿ ಬಂದಿತ್ತು" ಎಂದು ಚಾಚಾ ಹೇಳುತ್ತಿದ್ದರು. "ಹವಳ ಮುರಕೊಂಡು ಬಂದಿತ್ರಿ. ಗೋಡಿ, ಕಂಬ, ತೊಟ್ಟಿಲಾ, ಎಲ್ಲಾ. ಹೊಟ್ಟಿ ತುಂಬ ತತ್ತಿ ಇದ್ದ ಮೀನು, ಒಡದು ಡೆಕ್ಕಿನ ಮ್ಯಾಲ ಎಲ್ಲಾ ತತ್ತಿ. ಒಂದು ಕಡಲಾಮಿ ಬಲ್ಯಾಗ ಸಿಕ್ಕೊಂಡು ಉಸರುಗಟ್ಟಿ ಸತ್ತಿತ್ತು. ನಮ್ಮ ಹೆಣ್ಮಕ್ಕಳು ಹೆರಿಗಿಗೆ ತವರಮನಿಗೆ ಹೋಗ್ತಾರಲ್ರಿ, ಹಂಗ ಮೀನಿಗೆ ಅದು ತವರಮನಿ. ನಾವು ತವರಮನಿ ಕೆಡವಿ ಬಾಣಂತಿನ್ನ ಹೊರಗ ಎಳಕೊಂಡು ಬಂದಿದ್ವಿ. ಯಜಮಾನ ನನಗ, ಏ, ಆ ಕಲ್ಲೆಲ್ಲ ಗುಡಿಸಿ ಒಗಿ ಅಂದ. ಕಲ್ಲಲ್ರಿ ಅದು, ಜೀವ."

ಗುಡಿಸಿ ಒಗೆದವರು ಮುಂದಿನ ಸಲ ದಂಡೆ ಮುಟ್ಟಿದಾಗ ಬೋಟು ಬಿಟ್ಟು ಊರಿಗೆ ಬಂದರು. ಬಂದವರು ಬಟ್ಟೆ ಅಂಗಡಿ ಹಾಕಬಹುದಿತ್ತು, ಸೈಕಲ್ ಅಂಗಡಿ ಹಾಕಬಹುದಿತ್ತು. ಮತ್ತೆ ಮೀನೇ ಹಾಕಿದರು. ಸಮುದ್ರ ಉಳಿಸಲು ಹೊರಟವರು ಮೀನು ಮಾರುವುದೇ ಎಂದು ನಾನು ಒಮ್ಮೆ ಚುಚ್ಚಿದ್ದಕ್ಕೆ, "ಮಾರೋರು ಅಳೀಲಿಲ್ಲಂದ್ರ ಯಾರು ಅಳೀಬೇಕ್ರಿ, ನೀವೇನು?" ಎಂದರು.

ಮಳೆಗಾಲದಲ್ಲಿ ಎರಡು ತಿಂಗಳು ಯಂತ್ರದ ಬೋಟುಗಳು ಸಮುದ್ರಕ್ಕೆ ಇಳಿಯಬಾರದೆಂದು ಕರಾವಳಿಯಲ್ಲಿ ಕಾಯಿದೆ. ಮೀನು ಮರಿ ಮಾಡುವ ಕಾಲ. ಕಾಯಿದೆ ಇರುವುದು ಬೋಟುಗಳಿಗೆ, ಗಂಗಾವತಿಯ ಅಂಗಡಿಗಲ್ಲ. ಎಲ್ಲಿಂದಲೋ, ಯಾವುದೋ ಶೀತಲ ಗೋದಾಮಿನಿಂದ ಮೀನು ಬಂದೇ ಬರುತ್ತಿತ್ತು. ಚಾಚಾ ಮಾತ್ರ ಅಂಗಡಿ ಮುಚ್ಚುತ್ತಿದ್ದರು. ಆ ಎರಡು ತಿಂಗಳು ಅದೇ ಕಟ್ಟೆಯ ಮೇಲೆ ಲಿಂಬೆಹಣ್ಣು ಮಾರುತ್ತಿದ್ದರು. ಮೀನಿನ ವಾಸನೆಯ ಲಿಂಬೆಹಣ್ಣಿಗೆ ಎಷ್ಟು ಗಿರಾಕಿ ಬಂದಾರು ನೀವೇ ಯೋಚಿಸಿ.

ಒಂದು ವರ್ಷ ಅವರಿಗೆ ಬೋರ್ಡು ಬರೆಸುವ ಮನಸ್ಸಾಯಿತು. ಪೇಂಟರನ ಹತ್ತಿರ ಹೋಗಬೇಡಿ, ನಾನೇ ಬರೆಯುತ್ತೇನೆ ಎಂದು ಕರಿಹಲಗೆ ತಂದು, ಶಾಲೆಯ ಚಾಕ್‌ಪೀಸಿನಲ್ಲಿ ದುಂಡಗೆ ಬರೆದುಕೊಟ್ಟೆ. ಮೊದಲನೇ ಸಾಲು: ಸಮುದ್ರದಲ್ಲಿ. ಎರಡನೇ ಸಾಲು: ಬಾಣಂತನ ಇದೆ. ಮೂರನೇ ಸಾಲು: ಎರಡು ತಿಂಗಳು ಅಂಗಡಿ ಬಂದ್. ನೋಡಿ ಚಾಚಾ ಖುಷಿಪಟ್ಟರು. ಆ ಸಂಜೆ ಮಳೆ ಬಂತು. ತಗಡಿನ ಅಂಚಿನಿಂದ ಸೋರಿದ ನೀರು ಮೊದಲನೇ ಸಾಲನ್ನಷ್ಟೇ ನೀಟಾಗಿ ತೊಳೆದುಕೊಂಡು ಹೋಯಿತು.

ಮರುದಿನ ಮುಂಜಾನೆ ಹತ್ತರ ಹೊತ್ತಿಗೆ ಚಾಚಾನ ಮನೆಗೆ ಓಣಿಯ ಹೆಣ್ಣುಮಕ್ಕಳು ಬರತೊಡಗಿದರು. ಒಬ್ಬರ ಕೈಯಲ್ಲಿ ಅಂಟಿನುಂಡಿ, ಒಬ್ಬರ ಕೈಯಲ್ಲಿ ಕೊಬ್ಬರಿ-ಖಾರಿಕ, ಇನ್ನೊಬ್ಬರು ಕೂಸಿಗೆಂದು ಹೊಲಿಸಿಟ್ಟಿದ್ದ ಕುಂಚಿಗಿ. ನನ್ನ ಹೆಂಡತಿ ಬಾಣಂತಿ ಖಾರದ ಡಬ್ಬಿ ಒಯ್ದಿದ್ದಳು. ಚಾಚಿ ಬಾಗಿಲಲ್ಲಿ ನಿಂತು ದಂಗುಬಡಿದು ನೋಡುತ್ತಿದ್ದರು. ಮನೆಯಲ್ಲಿ ಇದ್ದ ಹೆಣ್ಣುಮಕ್ಕಳು ಇಬ್ಬರೇ. ಒಬ್ಬರು ಐವತ್ತು ದಾಟಿದ ಚಾಚಿ. ಇನ್ನೊಬ್ಬಳು ಅವರ ಮಗಳು, ಅವಳಿಗೆ ಕುಷ್ಟಗಿಯ ಕಡೆ ನಿಶ್ಚಿತಾರ್ಥವಾಗಿತ್ತು, ನಿಕಾ ಇನ್ನೂ ಆಗಿರಲಿಲ್ಲ.

ಸುದ್ದಿ ಕುಷ್ಟಗಿ ಮುಟ್ಟಲು ಮಧ್ಯಾಹ್ನದ ನಮಾಜಿನವರೆಗೂ ಕಾಯಲಿಲ್ಲ. ಬೀಗರು ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಟೆಂಪೋದಲ್ಲಿ ಬಂದಿಳಿದರು. ನಾನು ನನ್ನ ಮನೆಯ ಒಳಗೆ ಉತ್ತರ ಪತ್ರಿಕೆ ತಿದ್ದುವಂತೆ ಕೂತಿದ್ದೆ. ಚಾಚಾ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. "ಮಾಸ್ತರ್ರ, ಬರದೋರು ನೀವು, ಓದಿ ಹೇಳೋರೂ ನೀವ."

ನಾನು ಬೀಗರ ಮುಂದೆ ನಿಂತು, ಅಳಿಸಿಹೋದ ಸಾಲನ್ನು ಬಾಯಿಪಾಠ ಒಪ್ಪಿಸಿದೆ. ಅವರು ನಂಬಲಿಲ್ಲ. ಸಮುದ್ರಕ್ಕೆ ಬಾಣಂತನ ಹೇಗಾಗುತ್ತದೆ ಎಂದು ಕೇಳಿದರು. ಆಗ ಚಾಚಾ ಜೇಬಿನಿಂದ ಪಟ್ಟಿ ತೆಗೆದು, ಕೂತು, ಬೋಟು, ಬಲೆ, ಹವಳ, ತತ್ತಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಬೀಗರು ಹೊಲದ ಮನುಷ್ಯ, ಸಮುದ್ರ ನೋಡಿದವರಲ್ಲ. ಕೇಳುತ್ತ ಕೇಳುತ್ತ ಮೂರು ಅಂಟಿನುಂಡಿ ತಿಂದರು. ಕೊನೆಗೆ, "ನಾವೂ ಗಬ್ಬದ ಎಮ್ಮಿ ಕಸಾಯಿಗೆ ಕೊಡಾಂಗಿಲ್ಲ ಬಿಡ್ರಿ" ಎಂದು ಎದ್ದರು. ಆ ಮಾತಿನ ಮೇಲೆ ಮದುವೆ ನಿಂತಿತು, ಅಂದರೆ ಮುರಿಯದೆ ನಿಂತಿತು. ಬೋರ್ಡನ್ನು ಆಮೇಲೆ ಪೇಂಟರನಿಂದ ಎಣ್ಣೆಬಣ್ಣದಲ್ಲೇ ಬರೆಸಿದರು. ಸಮುದ್ರ ಎಂಬ ಪದ ಉಳಿದವಕ್ಕಿಂತ ಎರಡು ಪಟ್ಟು ದೊಡ್ಡದು.

ಜಿಲ್ಲೆಯ ಮಂದಿಗೆ ಸಮುದ್ರದ ಮೇಲೆ ಪ್ರೀತಿ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಒಮ್ಮೆ ಮೇಲಿನಿಂದ ಸುತ್ತೋಲೆ ಬಂದು ಕೊಪ್ಪಳದಲ್ಲೂ ಸಾಗರ ಸಂರಕ್ಷಣೆಯ ಕಾರ್ಯಕ್ರಮ ನಡೆಯಿತು. ಮಕ್ಕಳಿಗೆ "ನಾನು ಕಂಡ ಸಮುದ್ರ" ಎಂಬ ಪ್ರಬಂಧ ಸ್ಪರ್ಧೆ. ನಾನು ನಿರ್ಣಾಯಕ. ತುಂಗಭದ್ರಾ ಡ್ಯಾಮಿನ ಹಿನ್ನೀರನ್ನು ಕಂಡು "ಅಲೆಗಳು ಉಪ್ಪಾಗಿದ್ದವು" ಎಂದು ಬರೆದವನಿಗೆ ಮೊದಲ ಬಹುಮಾನ ಕೊಟ್ಟೆವು. ತಳಕಲ್ಲಿನ ಒಬ್ಬ ಹುಡುಗಿ "ನಾನು ಸಮುದ್ರ ಕಂಡಿಲ್ಲ. ಕಂಡ ಮೇಲೆ ಬರೆಯುತ್ತೇನೆ" ಎಂದಷ್ಟೇ ಬರೆದಿದ್ದಳು. ಪುಟ ತುಂಬಿಲ್ಲವೆಂದು ಅವಳಿಗೆ ಸೊನ್ನೆ ಹಾಕಿದವನೂ ನಾನೇ.

ಮರಿಮೀನು ಹಿಡಿಯುವುದು ಮಹಾ ದ್ರೋಹ ಎಂದು ಮುಖ್ಯ ಅತಿಥಿಗಳು ಮುಕ್ಕಾಲು ತಾಸು ಮಾತಾಡಿದರು. ನಂತರ ಊಟ. ತಾಟಿಗೊಂದು ಹುರಿದ ಬಾಂಗಡಾ, ಬೆರಳುದ್ದದ್ದು. ಅಡಿಗೆಯವನು ಮೊದಲು ಚಾಚಾನ ಹತ್ತಿರವೇ ಬಂದಿದ್ದ, ತಾಟಿಗೆ ಇಡೀ ಮೀನು ಬೇಕು, ಸಣ್ಣವೇ ಕೊಡಿ ಎಂದು ಕೇಳಿದ್ದ. ಬೈಸಿಕೊಂಡು ಹಿಂದಿನ ಓಣಿಗೆ ಹೋಗಿದ್ದ. ಬೈದವರು ಸುಮ್ಮನೆ ಮನೆಯಲ್ಲಿ ಕೂಡಬೇಕೋ ಬೇಡವೋ? ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದಿದ್ದರು. ನೆಟ್ಟಗೆ ಮುಖ್ಯ ಅತಿಥಿಗಳ ಹತ್ತಿರ ಹೋಗಿ ತಾಟಿನೊಳಗಿನ ಮೀನಿನ ಪಕ್ಕಕ್ಕೆ ಪಟ್ಟಿ ಇಟ್ಟರು.

"ಸಾಹೇಬ್ರ, ಭಾಷಣ ಭಾಳ ಛಲೋ ಇತ್ರಿ. ಇದು ಒಮ್ಮೆರ ತಾಯಿ ಆಗೇತೇನ್ರಿ?"

ಅತಿಥಿಗಳು ತುತ್ತು ನುಂಗಿ, "ತಲೆ ತೆಗೆದು ಹುರಿದಿದ್ದಾರೆ, ಅದಕ್ಕೆ ಚಿಕ್ಕದು ಕಾಣುತ್ತೆ" ಎಂದರು.

ಚಾಚಾ ತಲೆ ಇರಬೇಕಾದ ಜಾಗದಲ್ಲಿ ತಮ್ಮ ಹೆಬ್ಬೆರಳು ಇಟ್ಟರು. ಮತ್ತೆ ಬಗ್ಗಿ ನೋಡಿದರು. "ತಲಿ ಹಚ್ಚಿದ್ರೂ ಮುಟ್ಟವಲ್ದ್ರಿ."

ಅವರನ್ನು ಹೊರಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನಗೆ ಬಂತು, ಪರಿಚಯದವನೆಂಬ ಕಾರಣಕ್ಕೆ. ಹೊರಗೆ ಬಿಟ್ಟು ಬಂದು ನನ್ನ ತಾಟು ಮುಗಿಸಿದೆ.

ಆ ಮನುಷ್ಯನ ಮೇಲೆ ನನಗೆ ಭಾಳ ಪ್ರೀತಿ ಇತ್ತು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಪ್ರೀತಿ ಇತ್ತೆಂದು ದೊಡ್ಡ ಮೀನನ್ನೇನೂ ತಿನ್ನಲಿಲ್ಲ. ನನಗೂ ಸಣ್ಣ ಮೀನೇ ರುಚಿ. ಹಿಂದಿನ ಓಣಿಯಿಂದ ತಂದು, ಚೀಲದ ಮೇಲೆ ಕೊತ್ತಂಬರಿ ಹರವಿಕೊಂಡು ಚಾಚಾನ ಅಂಗಡಿ ಮುಂದೆಯೇ ನಡೆದು ಬರುತ್ತಿದ್ದೆ. "ಏನ್ರಿ ಮಾಸ್ತರ, ಬರೇ ಕೊತ್ತಂಬರಿ?" ಎಂದು ಕೇಳುತ್ತಿದ್ದರು. "ಹೂನ್ರಿ, ಇವತ್ತು ಬರೇ ಸಾರು" ಎನ್ನುತ್ತಿದ್ದೆ.

ಅಂಗಡಿಗೆ ನಿಜವಾದ ಪೆಟ್ಟು ಬಿದ್ದದ್ದು ಒಂದು ಡಬ್ಬಿಯಿಂದ. ಅದರಲ್ಲಿ ಬಾಂಗಡಾದ ಕೆಳಗೆ ಹಸಿರು-ನೀಲಿ ಬಣ್ಣದ, ಗಿಳಿಯ ಕೊಕ್ಕಿನಂಥ ಬಾಯಿಯ ನಾಲ್ಕು ಮೀನು ಇದ್ದವು. ನನಗೆ ಚಂದ ಕಂಡವು. ಚಾಚಾನ ಮುಖ ಮಾತ್ರ ಬಿಳಿಚಿತು.

"ಗಿಳಿಮೀನ್ರಿ ಇದು. ಹವಳ ಬಿಟ್ಟು ಬ್ಯಾರೆ ಕಡೆ ಇರಾಂಗಿಲ್ಲ. ಮತ್ತ ಬಲಿ ಹಾಕ್ಯಾರ ಅಲ್ಲಿ."

ಡಬ್ಬಿ ವಾಪಸು ಕಳಿಸಿ, ಮೀನು ಕಳಿಸುವ ದಲ್ಲಾಳಿಗೆ ಫೋನು ಮಾಡಿ, ಆ ದಿಬ್ಬದ ಮೀನು ಇರುವ ಲಾರಿ ನನ್ನ ಅಂಗಡಿ ಮುಂದೆ ನಿಲ್ಲಬಾರದು ಎಂದರು. ದಲ್ಲಾಳಿ ಅವರ ಮಾತನ್ನು ಅಕ್ಷರಶಃ ಪಾಲಿಸಿದ. ಲಾರಿ ಮತ್ತೆಂದೂ ಅವರ ಅಂಗಡಿ ಮುಂದೆ ನಿಲ್ಲಲಿಲ್ಲ, ನೆಟ್ಟಗೆ ಹಿಂದಿನ ಓಣಿಗೆ ಹೋಯಿತು. ಚಾಚಾನ ಕಟ್ಟೆಯ ಮೇಲೆ ಉಳಿದದ್ದು ವಾರಕ್ಕೆರಡು ದಿನ ಡ್ಯಾಮಿನ ಕಾಟ್ಲಾ. ಮಗಳು ಕುಷ್ಟಗಿಯಿಂದ ಬಂದು ಅತ್ತಳು. "ಅಬ್ಬಾ, ಸಮುದ್ರ ನಿಮಗೇನು ಕೊಡ್ತೈತಿ? ಅಂಗಡಿ ಹೋತಂದ್ರ ಏನ್ ಮಾಡ್ತೀರಿ?" ಚಾಚಾ ಹೇಳಿದ್ದು, "ಲಿಂಬಿಹಣ್ಣು ಐತಲ್ಲ ಬೇಟಿ."

ಆ ಹೊತ್ತಿನಲ್ಲೇ ಕಾಟ್ಲಾ ಸುತ್ತಿ ಕೊಡುವ ಹಳೇ ಪೇಪರಿನಲ್ಲಿ ಅವರ ಕಣ್ಣಿಗೆ ಒಂದು ಪ್ರಕಟಣೆ ಬಿತ್ತು. ಅದೇ ನಡುಗಡ್ಡೆಯ ಸುತ್ತ ಬಲೆ ಹಾಕದಂತೆ ರಕ್ಷಿತ ಪ್ರದೇಶ ಮಾಡುವ ಬಗ್ಗೆ ಕರಾವಳಿಯಲ್ಲಿ ಸಾರ್ವಜನಿಕ ಸಭೆ, ಹೇಳುವುದಿದ್ದವರು ಬಂದು ಹೇಳಬಹುದು. ಚಾಚಾ ನನ್ನಿಂದ ಅರ್ಜಿ ಬರೆಸಿದರು. ಅವರ ಪೂರ್ತಿ ಹೆಸರು ಕೇಳಿ ಬರೆದುಕೊಂಡದ್ದು ಆಗಲೇ. ಸಭೆಗೂ ಬರಬೇಕೆಂದರು. ಹೋದೆ. ಸಮುದ್ರ ಉಳಿಸಲಿಕ್ಕೆ ಅಲ್ಲ, ನೋಡಲಿಕ್ಕೆ.

ಸಭೆಯಲ್ಲಿ ಬೋಟಿನ ಮಾಲೀಕರೇ ಹೆಚ್ಚು. ಚಾಚಾ ಎದ್ದು ನಿಂತು, ಬಲೆಯಲ್ಲಿ ಮನೆ ಬಂದದ್ದನ್ನು ಹೇಳಿದರು. ಅವರ ಮಾತಿನ ಧಾಟಿ ಕೇಳಿ ಹಿಂದಿನ ಸಾಲಿನವರು ನಗಲು ಶುರು ಮಾಡಿದರು. ಒಬ್ಬರು ಕೇಳಿದರು, "ನಿಮ್ಮದು ಯಾವ ಊರು ಮಾರಾಯ್ರೆ? ಗಂಗಾವತಿಯಾ? ಅಲ್ಲಿ ಸಮುದ್ರ ಉಂಟಾ?"

ಇಡೀ ಸಭೆ ನಕ್ಕಿತು. ನಾನೂ ಅರ್ಧ ನಕ್ಕೆ, ಅಭ್ಯಾಸ ಬಲ.

ಚಾಚಾ ನಗು ಮುಗಿಯುವ ತನಕ ನಿಂತರು. "ಸಮುದ್ರ ಇಲ್ರಿ. ಸಮುದ್ರ ತಿನ್ನೋ ಬಾಯಿ ಅದಾವ್ರಿ. ಅವು ನಮ್ಮೂರಾಗ ಅದಾವು, ಅದಕ್ಕ ಬಂದೀನಿ."

ಅಧಿಕಾರಿಗಳು ಲಿಖಿತವಾಗಿ ಕೊಡಿ ಎಂದರು. ಕೊಟ್ಟೆವು. ಹೊರಗೆ ಬಂದಾಗ ಸಣ್ಣ ದೋಣಿಯ ಒಬ್ಬ ಮುದುಕರು ನಮಗಿಬ್ಬರಿಗೂ ಚಹಾ ಕೊಡಿಸಿ, "ನೀವು ಹೇಳಿದ್ದು ಸರಿ ಉಂಟು" ಎಂದಷ್ಟೇ ಹೇಳಿ ಹೋದರು. ಸಂಜೆ ದಂಡೆಯ ಮೇಲೆ ನಾನು ಪ್ಯಾಂಟು ಮಡಚಿ ನೀರಿಗಿಳಿದು ಫೋಟೋ ತೆಗೆಸಿಕೊಂಡೆ. ಚಾಚಾ ಇಳಿಯಲಿಲ್ಲ. ದೂರದಲ್ಲಿ ನೀರಿನ ಮೇಲೆ ಒಂದು ಕರಿ ಗೀಟಿನ ಹಾಗೆ ಕಾಣುತ್ತಿದ್ದುದನ್ನು ತೋರಿಸಿ, "ಅಕಾ ಅಲ್ಲಿ ನೋಡ್ರಿ ತವರಮನಿ" ಎಂದರು. ಕಣ್ಣಲ್ಲಿ ನೀರಿತ್ತು. ಉಪ್ಪುಗಾಳಿ ಎಂದರು, ನಾನೂ ಹೌದೆಂದೆ.

ಆಮೇಲೆ ತಿಂಗಳಿಗೊಮ್ಮೆ ತಪ್ಪದೆ ಕೇಳುತ್ತಿದ್ದರು. "ಮಾಸ್ತರ್ರ, ನಮ್ಮ ಹೆರಿಗಿಮನಿ ಫೈಲು ಏನಾತ್ರಿ?" ಫೈಲು ಪರಿಶೀಲನೆಯಲ್ಲಿತ್ತು. ವರ್ಷ ಕಳೆದು ಕೊನೆಗೊಂದು ಕಾಗದ ಬಂತು. ನಾನೇ ಓದಿ ಹೇಳಿದೆ. ಅರ್ಜಿದಾರರ ಜಿಲ್ಲೆಗೆ ಕರಾವಳಿ ಇಲ್ಲದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಚಾಚಾ ಇನ್ನೊಮ್ಮೆ ಓದಿಸಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಖರೇ ಹೇಳ್ಯಾರ ನೋಡ್ರಿ, ಒಂದಾದ್ರೂ ಖರೇ ಬರದಾರ!" ಆ ಕಾಗದವನ್ನು ಕಟ್ಟೆಯ ಹಿಂದೆ ಮೊಳೆ ಹೊಡೆದು ನೇತುಹಾಕಿದರು. ಅದಾದ ಮೇಲೆ ಫೈಲಿನ ಸುದ್ದಿ ತೆಗೆಯಲಿಲ್ಲ. ಮೀನು ಅಳೆಯುವುದನ್ನೂ ಬಿಡಲಿಲ್ಲ, ಡ್ಯಾಮಿನ ಕಾಟ್ಲಾವನ್ನೇ ಅಳೆಯುತ್ತ ಕೂತಿರುತ್ತಿದ್ದರು. ಚಳಿಗಾಲದಲ್ಲಿ ಮೂರು ದಿನ ಜ್ವರ ಬಂತು, ನಾಲ್ಕನೇ ದಿನ ಹೋದರು. ಜನಾಜಾಕ್ಕೆ ಪೇಟೆ ಎಲ್ಲ ಬಂದಿತ್ತು. ಎಲ್ಲರೂ ಅವರ ಗುಣ ಹೊಗಳಿದರು. ಹಿಂದಿನ ಓಣಿಯವನು ಎಲ್ಲರಿಗಿಂತ ಹೆಚ್ಚು ಹೊಗಳಿದ.

ಅಂಗಡಿಯನ್ನು ಅವನೇ ತೆಗೆದುಕೊಂಡ. ಬೋರ್ಡು ಸಮೇತ. ಬೋರ್ಡು ಚಂದ ಇದೆ, ಮಂದಿಗೆ ನಂಬಿಕೆ ಇದೆ ಎಂದು ತೆಗೆಯಲಿಲ್ಲ. ಈ ವರ್ಷ ಮಳೆಗಾಲ ಶುರುವಾದ ಮೇಲೂ ಸಮುದ್ರದಲ್ಲಿ ಬಾಣಂತನ ಇದೆ ಎಂಬ ದೊಡ್ಡ ಅಕ್ಷರದ ಕೆಳಗೆ ಬೆರಳುದ್ದದ ಬಾಂಗಡಾ ರಾಶಿ ಬಿದ್ದಿರುತ್ತದೆ. ಈಗ ಕೊತ್ತಂಬರಿ ಹರವುವ ಕೆಲಸವಿಲ್ಲ. ಹೋದ ವಾರ ನಾನು ಬೋರ್ಡಿನ ಕೆಳಗೇ ನಿಂತು ತೆಗೆದುಕೊಂಡು ಬಂದೆ.

ಅದೇ ಸಂಜೆ ಚಾಚಿ ನಮ್ಮ ಮನೆಗೆ ಬಂದರು. ಮನೆ ಖಾಲಿ ಮಾಡಿ ಮಗಳ ಹತ್ತಿರ ಕುಷ್ಟಗಿಗೆ ಹೊರಟಿದ್ದರು. ಸೆರಗಿನೊಳಗಿಂದ ಪಟ್ಟಿ ತೆಗೆದು ನನ್ನ ಕೈಗಿಟ್ಟರು.

"ನಿಮ್ದು ಇದು, ಮಾಸ್ತರ್ರ. ಹೋಗೋಕಿಂತ ಮೊದ್ಲ ಹೇಳ್ಯಾರ, ಮಾಸ್ತರ್‌ಗೆ ಕೊಡು ಅಂತ."

"ಇರಲಿ ಚಾಚಿ, ನನಗೆ ಯಾಕ್ರಿ ಇದು ಈಗ? ರಿಟಾಯರ್ಡ್ ಆಗೀನಿ."

ಚಾಚಿ ನನ್ನ ಮುಖ ನೋಡಲಿಲ್ಲ. "ಕೊತ್ತಂಬರಿ ಕೆಳಗ ಇರೋದನ್ನ ಅಳೀಲಿಕ್ಕ ಬೇಕಾಗ್ತೈತಿ ಅಂದ್ರು" ಎಂದು ಹೇಳಿ, ನನ್ನ ಹೆಂಡತಿಗೆ ಸಲಾಮು ಮಾಡಿ ಹೊರಟುಹೋದರು.

ನಾನು ಅಡಿಗೆಮನೆಗೆ ಹೋದೆ. ತಾಟಿನಲ್ಲಿ ತೊಳೆದಿಟ್ಟ ಬಾಂಗಡಾ ಇದ್ದವು, ತಲೆ ಇನ್ನೂ ತೆಗೆದಿರಲಿಲ್ಲ. ಒಂದನ್ನು ಎತ್ತಿ ನೆಲದ ಮೇಲೆ ಇಟ್ಟು, ಪಕ್ಕಕ್ಕೆ ಪಟ್ಟಿ ಇಟ್ಟೆ. ಪಟ್ಟಿಯಿಂದ ಇನ್ನೂ ಮೀನಿನ ವಾಸನೆ ಹೋಗಿರಲಿಲ್ಲ. ಬಾಲ ಕಚ್ಚನ್ನು ಮುಟ್ಟಲಿಲ್ಲ. ಇನ್ನೊಂದು ಇಟ್ಟೆ, ಮುಟ್ಟಲಿಲ್ಲ.

"ಏನ್ ಮಾಡಾಕತ್ತೀರಿ ನೆಲದ ಮ್ಯಾಲ ಕುಂತು?" ಎಂದಳು ಹೆಂಡತಿ.

ಹನ್ನೊಂದು ಮೀನನ್ನೂ ಅಳೆದೆ. ಒಂದೂ ತಾಯಿ ಆಗಿರಲಿಲ್ಲ.